ಮೂರು ಹಳದಿ ಗೆರೆ

೨ ಜುಲೈ ೨೦೨೫, ಬುಧವಾರ. ಜಮಖಂಡಿ
ಬಿಪಿ ೧೬೮/೧೦೨

ಮುಧೋಳದ ಶಶಿಕಾಂತ ಡಾಕ್ಟರರ ಅಪ್ಪಣೆಯಂತೆ ಇಂದಿನಿಂದ ದಿನಚರಿ. ನಿನ್ನೆ ಅವರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಯಂತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ವಕೀಲ್ರ, ಸಿಟ್ಟು ಬಂದ್ರ ಏನ ಮಾಡ್ತೀರಿ?"

"ಬೈತೀನಿ."

"ಇನ್ನ ಮ್ಯಾಲ ಬರೀರಿ. ಯಾರ ಮ್ಯಾಲ ಬಂತು, ಯಾಕ ಬಂತು, ಎಲ್ಲಾ. ಮನ್ಯಾಗ ಒಂದು ಮಷೀನ ಇಟ್ಟುಕೊಂಡು ದಿನಾ ಬಿಪಿನೂ ಬರೀರಿ. ಎರಡ ತಿಂಗಳ ಬಿಟ್ಟು ಆ ಬುಕ್ಕ ತಗೊಂಡ ಬರ್ರಿ."

ಗುಳಿಗೆ ಕೊಟ್ಟರು, ಉಪ್ಪು ಬಿಡಿಸಿದರು. ಇಷ್ಟೇ ತಾನೇ ಎಂದು ಏಳುವಷ್ಟರಲ್ಲಿ ಸಿಹಿಯನ್ನೂ ಬಿಡಿಸಿದರು.

ನನ್ನ ಪರಿಚಯ ನನಗೇ ಹೇಳಿಕೊಳ್ಳುವ ಅಗತ್ಯವಿಲ್ಲ. ಆದರೂ ಮೊದಲ ಪ್ಯಾರಾದಲ್ಲಿ ಹೆಸರು, ವಯಸ್ಸು, ಉದ್ಯೋಗ ಇಲ್ಲದಿದ್ದರೆ ನನಗೆ ಮುಂದೆ ಬರೆಯಲು ಕೈ ಓಡುವುದಿಲ್ಲ. ಅಂದಾನೆಪ್ಪ, ಐವತ್ತಾರು, ಜಮಖಂಡಿಯಲ್ಲಿ ದಿವಾಣಿ ವಕೀಲ. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ದೇವರ ಜಮೀನು, ಇವುಗಳಲ್ಲಿ ಮೂವತ್ತೊಂದು ವರ್ಷ ಕಳೆದಿವೆ. ಮನೆಯಲ್ಲಿ ಹೆಂಡತಿ ಶೈಲಾ. ಕಚೇರಿಯಲ್ಲಿ ಒಬ್ಬ ಜೂನಿಯರ್.

ಇವತ್ತಿನ ಸಿಟ್ಟು ಆ ಜೂನಿಯರ್ ಮೇಲೆ. ಸೇರಿ ಆರು ತಿಂಗಳಾಗಿಲ್ಲ. ನಾನು ಕೋರ್ಟಿನಲ್ಲಿ ವಾದದ ಭರದಲ್ಲಿದ್ದಾಗ ಹಿಂದಿನಿಂದ ಕೋಟು ಜಗ್ಗಿ, "ಸರ್, ಆ ಕಲಂ ತಿದ್ದುಪಡಿ ಆಗೇತ್ರಿ" ಎಂದಳು. ನೋಡಿದರೆ ಆಗಿತ್ತು. ಸಿಟ್ಟು ಬಂದದ್ದು ಅದಕ್ಕೇ.

೭ ಜುಲೈ, ಸೋಮವಾರ
ಬಿಪಿ ೧೭೦/೧೦೦

ಬನಹಟ್ಟಿಯಿಂದ ತಾಯಿ ಮಗ ಬಂದಿದ್ದರು. ತಾಯಿ ರುಕ್ಮವ್ವ, ಎಪ್ಪತ್ತರ ಮೇಲಿನ ವಯಸ್ಸು, ಕೈಮಗ್ಗದಲ್ಲಿ ಸೀರೆ ನೇಯುವವಳು. ಮಗ ಪ್ರಭುಲಿಂಗ. ಅವನು ಅಂಗಿಯ ಜೇಬಿನಿಂದ ಕೋರ್ಟಿನ ಸಮನ್ಸ್ ತೆಗೆಯುವ ರೀತಿ ನೋಡಿದರೆ ಅದು ಕಚ್ಚುತ್ತದೆ ಎಂದುಕೊಂಡಂತಿತ್ತು.

ದಾವೆ ಹೂಡಿದ್ದು ಹೊರಗಿನ ಒಂದು ದೊಡ್ಡ ಸೀರೆ ಕಂಪನಿ. ಅದರ ಹೆಸರು ಬರೆದರೆ ಬಿಪಿ ಏರುತ್ತದೆ, ಬರೆಯುವುದಿಲ್ಲ. ಸೀರೆಯ ಒಳತುದಿಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ಕಡೆ, ಮೂರು ಹಳದಿ ಗೆರೆ ಎಳೆಯುವುದು ತಮ್ಮ ಟ್ರೇಡ್ ಮಾರ್ಕ್ ಎಂದು ಅವರು ೨೦೧೬ರಲ್ಲಿ ನೋಂದಣಿ ಮಾಡಿಸಿದ್ದಾರೆ. ಬಳಸುತ್ತಿರುವುದು ೨೦೧೨ರಿಂದ ಎನ್ನುತ್ತಾರೆ. ರುಕ್ಮವ್ವನ ಸೀರೆಗಳಲ್ಲೂ ಅದೇ ಜಾಗದಲ್ಲಿ ಅದೇ ಮೂರು ಗೆರೆ. ಆಕೆ ಅದನ್ನು ನಿಲ್ಲಿಸಬೇಕು, ದಾವೆ ಮುಗಿಯುವವರೆಗೆ ಈಗಿಂದೀಗಲೇ ತಡೆಯಾಜ್ಞೆ ಬೇಕು ಎಂದು ಬಾಗಲಕೋಟೆಯ ಜಿಲ್ಲಾ ಕೋರ್ಟಿಗೆ ಹೋಗಿದ್ದಾರೆ. ತಡೆಯಾಜ್ಞೆಯ ವಾದ ಆಗಸ್ಟ್ ಹದಿಮೂರಕ್ಕೆ.

"ಆ ಗೆರಿ ನೀವು ಯಾವಾಗಿಂದ ಹಾಕಾಕತ್ತೀರಿ?" ಎಂದೆ.

"ನಮ್ಮತ್ತಿ ಹಾಕ್ತಿದ್ಲು. ಆಕಿ ಕೈಯಿಂದ ನನಗ ಬಂತು," ಎಂದಳು ರುಕ್ಮವ್ವ.

ಇಷ್ಟೇ ಆಗಿದ್ದರೆ ನಾನು ಎದೆ ತಟ್ಟಿಕೊಂಡು ವಕಾಲತ್ತು ಬರೆಸುತ್ತಿದ್ದೆ. ಆದರೆ ದಾವೆಯ ಕಾಗದದಲ್ಲಿ ಕೊನೆಯದೊಂದು ಹಾಳೆ ಇತ್ತು. ಆರು ತಿಂಗಳ ಹಿಂದೆ ಕಂಪನಿ ನೋಟಿಸು ಕೊಟ್ಟಾಗ ಯಾವ ವಕೀಲರನ್ನೂ ಕೇಳದೆ ಈ ತಾಯಿ ಹೇಳಿ, ಈ ಮಗ ಬರೆದು, ಇಬ್ಬರೂ ಸಹಿ ಮಾಡಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಉತ್ತರ: "ಆ ಮೂರು ಗೆರೆ ನಮ್ಮದಲ್ಲ. ಅದು ಬನಶಂಕರಿ ತಾಯಿಯದು. ನಾವು ನೇಯುವವರು ಮಾತ್ರ."

ನಮ್ಮದಲ್ಲ ಎಂದು ಸ್ವಂತ ಸಹಿ ಹಾಕಿ ಬರೆದುಕೊಟ್ಟಿದ್ದಾರೆ. ಎದುರು ಪಕ್ಷದವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ನಾನಾಗಿದ್ದರೂ ಎಳೆಯುತ್ತಿದ್ದೆ.

"ಯವ್ವಾ, ಹಿಂಗ್ಯಾಕ ಬರಿಸಿದ್ರಿ?"

"ಖರೇನ ಐತಲ್ರಿ, ವಕೀಲ್ರ."

ನನ್ನ ದನಿ ಏರಿತು. ಜೂನಿಯರ್ ನಡುವೆ ನೀರಿನ ಲೋಟ ತಂದಿಟ್ಟಳು. ನನಗಲ್ಲ, ರುಕ್ಮವ್ವನಿಗೆ. ಆಕೆ ಕುಡಿದು, "ಏನ ಹೆಸರವ್ವಾ ನಿಂದು?" ಎಂದಳು. "ಶ್ರೀದೇವಿರಿ." "ಛಲೋ ಹೆಸರ." ನನ್ನ ಹೆಸರನ್ನು ಯಾರೂ ಕೇಳಲಿಲ್ಲ.

೮ ಜುಲೈ, ಮಂಗಳವಾರ
ಬಿಪಿ ೧೬೬/೯೮

ಟ್ರೇಡ್ ಮಾರ್ಕ್ ಕಾಯಿದೆ ನಾನು ಓದಿದ್ದು ಕಾಲೇಜಿನಲ್ಲಿ, ಅದೂ ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟದ್ದು. ಜೂನಿಯರ್ ತೀರ್ಪುಗಳ ಕಟ್ಟು ಮುದ್ರಿಸಿ ತಂದು ಮೇಜಿನ ಮೇಲಿಟ್ಟಳು. ಮೂವತ್ತನಾಲ್ಕನೆಯ ಕಲಮಿನ ಸಾರ ಇಷ್ಟು: ನೋಂದಣಿ ಮಾಡಿಸಿದವನಿಗಿಂತ ಮೊದಲಿನಿಂದ ಬಿಡದೆ ಬಳಸುತ್ತ ಬಂದವನನ್ನು ನೋಂದಣಿಯ ಬಲದಿಂದ ತಡೆಯಲಾಗದು. ಸುಪ್ರೀಂ ಕೋರ್ಟು ಇದನ್ನು ಒಂದು ಹಲ್ವಾದ ಮೊಕದ್ದಮೆಯಲ್ಲೂ ಹೇಳಿದೆಯಂತೆ. ನನಗೆ ಸಿಹಿ ನಿಷೇಧವಾದ ವಾರವೇ ಹಲ್ವಾದ ತೀರ್ಪು ಓದುವ ಯೋಗ.

"ಮೊದಲಿಂದ ಬಳಸ್ಯಾರ ಅನ್ನೂದಕ್ಕ ಪುರಾವಾ ಏನೈತಿ?" ಎಂದೆ.

"ಬಿಲ್ ಇಲ್ರಿ, ಲೇಬಲ್ ಇಲ್ರಿ. ೨೦೧೨ಕ್ಕಿಂತ ಮೊದಲಿಂದು, ತಾರೀಖು ಇರೂದು ಒಂದರ ಕಾಗದ ಬೇಕ್ರಿ ಸರ್."

ಹೇಳುವುದು ಸುಲಭ. ನಾನು ವಾದ ಮಾಡುತ್ತೇನೆ, ನೀನು ಕಾಗದ ಹುಡುಕು ಎಂದೆ.

೧೪ ಜುಲೈ, ಸೋಮವಾರ
ಬಿಪಿ ೧೬೦/೯೬

ಬನಹಟ್ಟಿಗೆ ಹೋಗಿದ್ದೆವು. ಓಣಿಯ ತುಂಬ ಪವರ್‌ಲೂಮಿನ ಸಪ್ಪಳ. ಆ ಸಪ್ಪಳದ ನಡುವೆ ರುಕ್ಮವ್ವನ ಮನೆಯಲ್ಲಿ ಮೂರು ಕೈಮಗ್ಗ. ಒಂದರಲ್ಲಿ ತಾನು, ಒಂದರಲ್ಲಿ ಮಗ, ಒಂದರಲ್ಲಿ ಸೊಸೆ. ನಾವು ಹೋದಾಗ ಆಕೆ ಹೊಸ ಸೀರೆ ಶುರು ಮಾಡುವವಳಿದ್ದಳು. ಅರಿಷಿಣದ ಬಣ್ಣದ ನೂಲಿನ ಲಾಳಿಯನ್ನು ಕಣ್ಣಿಗೊತ್ತಿಕೊಂಡು, ಬನಶಂಕರಿಯ ಹೆಸರು ಹೇಳಿ, ಒಂದೊಂದು ಕಾಳಿನಷ್ಟು ದಪ್ಪದ ಮೂರು ಗೆರೆ ನೇಯ್ದಳು. ಆಮೇಲೆಯೇ ಸೀರೆಯ ಬಣ್ಣದ ಲಾಳಿ ತೆಗೆದುಕೊಂಡಳು.

"ಮೊದಲ ಮೂರ ಗೆರಿ ಆಕಿದು. ಉಳಿದ ಸೀರಿ ಉಡಾವ್ರದು. ನಡುವ ನಮ್ಮದೇನೈತ್ರಿ, ಕೈ ಅಷ್ಟ."

"ಒಳಗಿನ ತುದಿಗೇ ಯಾಕ್ರಿ? ಸೆರಗಿಗೆ ಹಾಕಿದ್ರ ಎಲ್ಲಾರಿಗೂ ಕಾಣ್ತಿತ್ತಲ್ಲ?" ಎಂದಳು ಜೂನಿಯರ್.

"ದೇವರಿಗೆ ಕೊಟ್ಟದ್ದನ್ನ ಊರಿಗೆ ತೋರಸ್ತಾರೇನವ್ವಾ?"

ಕಂಪನಿಗೆ ಇದು ಹೇಗೆ ತಿಳಿಯಿತು ಎಂದು ಪ್ರಭುಲಿಂಗನನ್ನು ಕೇಳಿದೆ. ಹದಿನಾಲ್ಕು ಹದಿನೈದು ವರ್ಷದ ಹಿಂದೆ ಅವರ ಕಡೆಯ ವ್ಯಾಪಾರಿಯೊಬ್ಬ ಎರಡು ಗಂಟು ಸೀರೆ ಒಯ್ದಿದ್ದನಂತೆ. ಮತ್ತೆ ಬರಲಿಲ್ಲವಂತೆ.

ಕೊನೆಗೆ ಒಂದು ಮಾತು ಕೇಳಿದೆ. ಕೋರ್ಟು ಬೇಡ ಎಂದರೆ ಗೆರೆ ಬಿಟ್ಟು ನೇಯಬಹುದಲ್ಲ, ಸೀರೆಗೇನು ಕಡಿಮೆಯಾಗುತ್ತದೆ?

ರುಕ್ಮವ್ವ ಮಗ್ಗದ ಹಲಗೆಯ ಮೇಲೆ ಕೈಯಾಡಿಸಿದಳು. "ಮೂರ ಗೆರಿ ಇಲ್ದ ನಾ ಸೀರಿ ಸುರು ಮಾಡಿದಾಕಿ ಅಲ್ರಿ. ಬ್ಯಾಡಂದ್ರ ಮಗ್ಗ ನಿಂದ್ರತಾವ. ಅಷ್ಟ ಮತ್ತ."

ಅಳಲಿಲ್ಲ, ಸಿಟ್ಟಾಗಲಿಲ್ಲ. ಬರುವಾಗ ಬಸ್ಸಿನಲ್ಲಿ ಜೂನಿಯರ್ ಕೈಯಿಂದ ತೀರ್ಪುಗಳ ಕಟ್ಟು ಇಸಿದುಕೊಂಡು ಮೊದಲಿಂದ ಓದಿದೆ.

೨೦ ಜುಲೈ, ರವಿವಾರ
ಬಿಪಿ ೧೫೮/೯೬

ಬೆಳಗಿನ ಬಸ್ಸಿಗೆ ಬೀಳಗಿ. ರುಕ್ಮವ್ವನ ಸೀರೆ ಉಟ್ಟವರ ಪಟ್ಟಿ ಹಿಡಿದು ಮನೆ ಮನೆ ತಿರುಗಿದೆವು. ಮರೆವ್ವ ಎಂಬ ಮುದುಕಿ ಟ್ರಂಕಿನಿಂದ ಸೀರೆ ತೆಗೆದಳು. ಯಾವುದು ಎಂದು ನಾವು ಕೇಳುವ ಮೊದಲೇ ಒಳತುದಿಯ ಮೂಲೆ ತಿರುವಿ ತೋರಿಸಿದಳು.

"ಅಂಗಡ್ಯಾಗ ಮೊದಲ ಮೂಲಿ ತಿರುವಿ ನೋಡ್ತೀವ್ರಿ. ಹಳದಿ ಇದ್ರ ರುಕ್ಮವ್ವಂದು. ಇಲ್ಲಂದ್ರ ಯಾರದೋ."

"ಯಾವ ವರ್ಷ ತಗೊಂಡ್ರಿ?"

"ನಮ್ಮ ಹಳೇ ಊರಿಗೆ ಡ್ಯಾಮಿನ ಹಿನ್ನೀರ ಬರೂಕಿಂತ ಮೊದಲ."

"ತಾರೀಖ ಏನರ?"

"ನಮ್ಮ ಎಮ್ಮಿ ಎರಡನೇ ಸೂಲ ಈದಿತ್ತು. ಅದರ ಮಾರನೇ ದಿನ."

ಜೂನಿಯರ್ ಎಮ್ಮೆಯನ್ನೂ ಬರೆದುಕೊಂಡಳು. ಸಂಜೆ ಮುಧೋಳದಲ್ಲಿ ಇನ್ನೊಬ್ಬಾಕೆ ಸೀರೆಯನ್ನು ಕೌದಿಗೆ ಹಾಕಿ ಹೊಲಿದುಬಿಟ್ಟಿದ್ದಳು. ಕೌದಿಯ ನಡುವೆ ಮೂರು ಹಳದಿ ಗೆರೆ, ಅದರ ಮೇಲೆ ಬೆಕ್ಕು ಮಲಗಿತ್ತು. ಐದು ಜನ ಪ್ರಮಾಣಪತ್ರ ಕೊಡಲು ಒಪ್ಪಿದರು. ಬಾಯಿಮಾತು ಬೇಕಾದಷ್ಟಾಯಿತು, ತಾರೀಖಿನ ಕಾಗದ ಒಂದೂ ಇಲ್ಲ.

ಬಸ್ಸಿನಲ್ಲಿ ಜೂನಿಯರ್ ಹೇಳಿದಳು: "ಸರ್, ಒಳಗ ಹಾಕಿದ್ದು ಯಾರಿಗೂ ಕಾಣಂಗಿಲ್ಲ, ಅದು ಗುರ್ತ ಹ್ಯಾಂಗ ಆಗತೈತಿ ಅಂತ ಕಂಪನಿಯವ್ರು ಬರದಾರ. ಅವರದೂ ಅಲ್ಲೇ ಐತಲ್ರಿ?"

ಹೌದಲ್ಲ. ಇದು ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಎಂಬಂತೆ ತಲೆಯಾಡಿಸಿದೆ.

೨೬ ಜುಲೈ, ಶನಿವಾರ
ಬಿಪಿ ೧೬೮/೧೦೦

ಕಾಗದ ಇಲ್ಲ. ಮೊಕದ್ದಮೆ ಸೋಲುತ್ತೇವೆ. ಶೈಲಾ ಮಾಡಿದ ಪಲ್ಯದಲ್ಲಿ ಉಪ್ಪೂ ಇಲ್ಲ.

೨೭ ಜುಲೈ, ರವಿವಾರ
ಬಿಪಿ ನೋಡಿದ್ದು ಬೆಳಿಗ್ಗೆ, ೧೬೨/೯೮. ಈಗ ನೋಡಿದರೆ ಎಷ್ಟಿದೆಯೋ.

ಮಧ್ಯಾಹ್ನ ಈ ಪುಸ್ತಕ ತೆರೆದು ಕೂತಿದ್ದೆ. ಶೈಲಾ ಜೋಳ ಹಸನು ಮಾಡುತ್ತ, "ಲಗ್ನಕ್ಕ ಮೊದಲ ಬರೀತಿದ್ರಲ್ಲ, ಹಂಗ ಏನ್ರಿ ಇದು?" ಎಂದಳು.

"ನಾನೇ? ಡೈರಿ?"

ಅವಳು ಮೊರ ಕೆಳಗಿಟ್ಟು ಒಳಗೆ ಹೋದಳು. ಟ್ರಂಕಿನ ತಳದಿಂದ ಒಂದು ಗಂಟು ತಂದಳು. ಲಗ್ನದಲ್ಲಿ ನಾನು ತಂದುಕೊಟ್ಟ ಸೀರೆ, ಅದರೊಳಗೆ ಸುತ್ತಿಟ್ಟ ೧೯೯೫ರ ಡೈರಿ. ಮೂವತ್ತು ವರ್ಷದಿಂದ ಮನೆಯಲ್ಲಿತ್ತು, ನನಗೆ ನೆನಪೇ ಇರಲಿಲ್ಲ.

"ಓದಿದ್ಯೇನು?"

"ಇಲ್ಲ. ಬ್ಯಾರೇದವ್ರ ಡೈರಿ ಓದಬಾರದಂತ ಲಗ್ನಾದ ಹೊಸದಾಗ ನೀವ ಹೇಳಿದ್ರಿ."

ವಾರವಿಡೀ ಸೀರೆಯ ಮೂಲೆ ತಿರುವಿ ನೋಡಿದ ಚಟ. ಕೈ ತಾನಾಗಿ ಮೂಲೆಗೆ ಹೋಯಿತು. ಮೂರು ಹಳದಿ ಗೆರೆ. ಬೀಳಗಿ, ಮುಧೋಳ ತಿರುಗಿದ ನಾನು ನನ್ನ ಮನೆಯ ಟ್ರಂಕು ನೋಡಿರಲಿಲ್ಲ. ಆ ಸೀರೆ ಯಾರ ಮಗ್ಗದ್ದು ಎಂಬುದೇ ಮರೆತುಹೋಗಿತ್ತು. ಡೈರಿ ತೆರೆದೆ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

"೧೨ ಫೆಬ್ರವರಿ ೧೯೯೫. ಜವಳಿಗೆ ಬನಹಟ್ಟಿಗೆ ಹೋದೆವು. ಎಲ್ಲರೂ ಜರಿ ನೋಡುತ್ತಿದ್ದರು. ನಾನು ರುಕ್ಮವ್ವ ಎಂಬುವರ ಮಗ್ಗದ ಒಂದು ಹಸಿರು ಸೀರೆ ಆರಿಸಿದೆ. ಆಕೆ ಒಳತುದಿ ತಿರುವಿ ಮೂರು ಹಳದಿ ಗೆರೆ ತೋರಿಸಿ, 'ಇದು ಇದ್ರ ನಮ್ಮ ಮಗ್ಗದ್ದು ಅಂತ ತಿಳೀರಿ' ಎಂದರು. ಆ ಗೆರೆ ಯಾರಿಗೂ ಕಾಣುವುದಿಲ್ಲ, ಉಟ್ಟ ಶೈಲಾಗೆ ಮಾತ್ರ ಗೊತ್ತಿರುತ್ತದೆ. ನಾನು ಊರೆಲ್ಲ ವಾದ ಮಾಡುವವನು. ಅವಳನ್ನು ನೋಡಲು ಹೋದ ದಿನ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಅವಳು ನನ್ನನ್ನು ಮೂಕ ಎಂದುಕೊಂಡಿರಬೇಕು. ಅವಳು ಬೇಡ ಎಂದಿದ್ದರೆ ನಾನು ಏನಾಗುತ್ತಿದ್ದೆನೋ. ಈ ಸೀರೆಯಾದರೂ ನನ್ನ ಪರವಾಗಿ ಮಾತಾಡಲಿ."

ಮೊದಲ ಅರ್ಧ ಚಿನ್ನದಂಥ ಸಾಕ್ಷ್ಯ. ಯಾರ ಮಾಲು ಎಂದು ಗುರುತು ಹಿಡಿಸುವುದೇ ಟ್ರೇಡ್ ಮಾರ್ಕ್, ಅದನ್ನು ಆಕೆ ೧೯೯೫ರಲ್ಲೇ ಬಾಯಿಬಿಟ್ಟು ಹೇಳಿದ್ದಾಳೆ. ಎರಡನೆಯ ಅರ್ಧ ಓದಿ ನನ್ನ ಕಿವಿ ಬಿಸಿಯಾಯಿತು. ಶೈಲಾ "ಏನ ಬರದೀರಿ?" ಎಂದಳು. ಕಾಯಿದೆಯ ವಿಷಯ ಎಂದೆ.

೨೮ ಜುಲೈ, ಸೋಮವಾರ
ಬಿಪಿ ೧೭೨/೧೦೪

ಮೊದಲ ಅರ್ಧದ ನಕಲನ್ನಷ್ಟೇ ಕೋರ್ಟಿಗೆ ಹಾಕೋಣ ಎಂದೆ. ಜೂನಿಯರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ನಿಂತಳು.

"ಅರ್ಧಾ ಹಾಕಿದ್ರ, ಉಳಿದದ್ದು ಯಾಕ ಮುಚ್ಚಿಟ್ರಿ ಅಂತಾರ್ರಿ. ಪೂರಾ ಡೈರಿ ಹಾಕಬೇಕಾಗತೈತಿ ಸರ್. ಅಕ್ಷರ ನಂದ ಅಂತ ನೀವು ಪ್ರಮಾಣಪತ್ರಾನೂ ಕೊಡಬೇಕಾಗತೈತಿ."

ಅಲ್ಲಿಗೆ ನಿಲ್ಲಿಸಿದಳು. ಮುಂದಿನದು ನನಗೂ ಗೊತ್ತು, ಅವಳಿಗೂ ಗೊತ್ತು. ಸಾಕ್ಷಿಯಾಗುವ ವಕೀಲ ಅದೇ ಮೊಕದ್ದಮೆಯಲ್ಲಿ ವಾದ ಮಾಡುವಂತಿಲ್ಲ. ಡೈರಿ ಹಾಕಿದರೆ ನಾನು ಕೂರಬೇಕು. ಡೈರಿ ಹಾಕದಿದ್ದರೆ ನಾನು ನಿಂತು ವಾದಿಸಿ ಸೋಲಬಹುದು.

ಮೂವತ್ತೊಂದು ವರ್ಷದಲ್ಲಿ ಒಂದು ದೊಡ್ಡ ಮೊಕದ್ದಮೆ ಬಂದಿದೆ. ಅದನ್ನು ಆರು ತಿಂಗಳ ಹುಡುಗಿಯ ಕೈಗೆ ಕೊಡುವುದೆಂದರೇನು?

೨೯ ಜುಲೈ
೧೭೦/೧೦೨. ಬರೆಯಲು ಮನಸ್ಸಿಲ್ಲ.

೩೧ ಜುಲೈ, ಗುರುವಾರ

ರುಕ್ಮವ್ವ ಒಬ್ಬಳೇ ಬಂದಿದ್ದಳು. ಬನಹಟ್ಟಿಯಿಂದ ಟಂಟಂ ಆಟೋದಲ್ಲಿ ಬಂದು, ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು.

"ವಕೀಲ್ರ, ಮಗ್ಗದ ಮ್ಯಾಲ ಇರೂ ಸೀರಿ ನಾಡಿದ್ದು ಮುಗೀತೈತಿ. ಮುಂದಿಂದು ಸುರು ಮಾಡ್ಲ್ಯೋ ಬ್ಯಾಡೋ, ಅದೊಂದು ಕೇಳೂಣಂತ ಬಂದೆ. ಸುರು ಮಾಡಿ ನಡುವ ನಿಲ್ಲಸಬಾರದು ನೋಡ್ರಿ. ಆಕಿಗೆ ಕೊಟ್ಟಾಂಗ ಮಾಡಿ ಕಸಗೊಂಡಾಂಗ ಆಗತೈತಿ."

ಇದನ್ನು ಕೇಳಲು ಅಷ್ಟು ದೂರ ಬಂದಿದ್ದಳು. ನಾನು ನಾಲ್ಕು ದಿನದಿಂದ ಯೋಚಿಸುತ್ತಿದ್ದದ್ದು ಯಾರು ನಿಂತು ಮಾತಾಡಬೇಕು ಎಂದು.

"ಸುರು ಮಾಡ್ರಿ," ಎಂದೆ.

ಆಕೆ ಹೋದ ಮೇಲೆ ಕಡತವನ್ನು ಎತ್ತಿ ಆಚೆಯ ಮೇಜಿನ ಮೇಲಿಟ್ಟೆ. "ಶ್ರೀದೇವಿ, ವಾದ ನೀನ ಮಾಡು. ಡೈರಿ ಪೂರಾ ಹಾಕು."

ಅವಳು ಎದ್ದು ನಿಂತಳು. "ಚಹಾ ತರಸ್ಲೇನ್ರಿ ಸರ್?" ಎಂದಳು. ತರಿಸಿದಳು, ಸಕ್ಕರೆ ಹಾಕಿಸಿ. ಕುಡಿದೆ. ಇದನ್ನು ಡಾಕ್ಟರರಿಗೆ ತೋರಿಸುವಾಗ ಈ ಪುಟ ಮಡಚಬೇಕು.

೬ ಆಗಸ್ಟ್, ಬುಧವಾರ

ವಾರದಿಂದ ಸಂಜೆ ಕಚೇರಿಯಲ್ಲಿ ನಾಟಕದ ತಾಲೀಮು. ನಾನು ಕಂಪನಿಯ ವಕೀಲ, ಶ್ರೀದೇವಿ ರುಕ್ಮವ್ವನ ವಕೀಲೆ. ನಾನು ಅವಳನ್ನು ಹೆದರಿಸುವುದು, ಅವಳು ಹೆದರದೆ ಉತ್ತರ ಕೊಡುವುದು. ಮೊದಲ ಎರಡು ದಿನ ಹೆದರಿದಳು. ಇವತ್ತು ನನಗೇ ಉತ್ತರ ಹೊಳೆಯಲಿಲ್ಲ. ಬಹಳ ಖುಷಿಯಾಯಿತು.

ಆದರೆ ಒಂದು ಕಡೆ ಗಾಡಿ ಹೂತುಕೊಳ್ಳುತ್ತದೆ. "ನಮ್ಮದಲ್ಲ, ಬನಶಂಕರಿಯದು" ಎಂಬ ಆ ಉತ್ತರ. ಕಾಗದ ಎಷ್ಟೇ ಹಳೆಯದಿರಲಿ, ತಮ್ಮದಲ್ಲ ಎಂದು ಒಪ್ಪಿಕೊಂಡವರಿಗೆ ಹಕ್ಕು ಎಲ್ಲಿಂದ ಎಂದು ಕೇಳಿದರೆ? ಶ್ರೀದೇವಿ ತೀರ್ಪುಗಳನ್ನು ಮತ್ತೆ ಮತ್ತೆ ತಿರುವಿದಳು. ಹಲ್ವಾದವರು ಯಾರೂ ಹಲ್ವಾ ದೇವರದು ಎಂದಿರಲಿಲ್ಲ.

ಮನೆಗೆ ನಡೆದು ಬರುವಾಗ ಹೊಳೆಯಿತು. ಇದು ಟ್ರೇಡ್ ಮಾರ್ಕಿನ ಪ್ರಶ್ನೆಯೇ ಅಲ್ಲ, ನನ್ನ ಜೀವಮಾನದ ಪ್ರಶ್ನೆ. ದೇವರ ಜಮೀನು ಉಳುವವನು, ಹೊಲ ನನ್ನದಲ್ಲ ದೇವರದು ಎಂದು ನೂರು ಸಲ ಹೇಳಿರುತ್ತಾನೆ. ಹಾಗೆಂದು ಪಕ್ಕದವನು ಬಂದು ಬಿತ್ತಿದರೆ ಯಾವ ಕೋರ್ಟು ಸುಮ್ಮನಿರುತ್ತದೆ? ದೇವರದು ಎಂದರೆ ಯಾರದೂ ಅಲ್ಲ ಎಂದಲ್ಲ. ನೋಡಿಕೊಂಡು ಬಂದವನ ಕೈಯಲ್ಲಿದೆ ಎಂದೇ ಅರ್ಥ. ಇಂಥ ಮೊಕದ್ದಮೆ ನಾನು ಹದಿನೇಳು ನಡೆಸಿದ್ದೇನೆ.

ಹಾದಿಯಲ್ಲೇ ನಿಂತು ಶ್ರೀದೇವಿಗೆ ಫೋನು ಮಾಡಿದೆ. ಕೇಳಿದವಳು, "ಸರ್, ಇದನ್ನ ನೀವ ಹೇಳಬೇಕಿತ್ರಿ ಕೋರ್ಟಿನ್ಯಾಗ" ಎಂದಳು.

"ನೀ ಹೇಳಿದ್ರೂ ಅದ ಮಾತು."

೧೩ ಆಗಸ್ಟ್, ಬುಧವಾರ. ಬಾಗಲಕೋಟೆಯಿಂದ ಬಂದ ಮೇಲೆ

ವಿವರವಾಗಿ ಬರೆಯಬೇಕು, ಒಂದು ಮಾತೂ ಬಿಡಬಾರದು.

ಶೈಲಾ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಆ ಹಸಿರು ಸೀರೆಯೂ ಸಾಕ್ಷ್ಯವಲ್ಲವೇ, ನಾನೇ ಉಟ್ಟುಕೊಂಡು ಬರುತ್ತೇನೆ ಎಂದು ಅದನ್ನೇ ಉಟ್ಟು ಬಂದಳು. ಕೋರ್ಟಿನಲ್ಲಿ ನಾನು ಕರಿಕೋಟಿಲ್ಲದೆ, ಹಿಂದಿನ ಬೆಂಚಿನಲ್ಲಿ, ಹೆಂಡತಿ ಮತ್ತು ರುಕ್ಮವ್ವನ ನಡುವೆ ಕೂತೆ. ಅಲ್ಲಿಂದ ನ್ಯಾಯಾಧೀಶರು ಬಹಳ ಎತ್ತರ ಕಾಣುತ್ತಾರೆ. ಮೂವತ್ತೊಂದು ವರ್ಷ ನನ್ನ ಕಕ್ಷಿದಾರರಿಗೆ ಹೀಗೆಯೇ ಕಂಡಿರಬೇಕು.

ಕಂಪನಿಯ ವಕೀಲರು ಒಳ್ಳೆಯ ಮಾತುಗಾರರು. ನೋಂದಣಿ ಪತ್ರ ತೋರಿಸಿದರು, ಗುರುತು ಯಾರಿಗೂ ಕಾಣದು ಎಂದರು. ಆಮೇಲೆ ನನ್ನ ಡೈರಿಯ ನಕಲು ಎತ್ತಿಕೊಂಡರು. "ಇದು ಸಾಕ್ಷ್ಯವಲ್ಲ ಸ್ವಾಮಿ, ಮದುವೆಯ ಗುಂಗಿನಲ್ಲಿದ್ದವನ ಕನಸು, ಕೇಳಿ" ಎಂದು ಇಡೀ ಪುಟವನ್ನು ಗಟ್ಟಿಯಾಗಿ, ಭಾವ ತುಂಬಿ ಓದಿದರು. ಬಾಯಿಂದ ಮಾತು ಬರಲಿಲ್ಲ ಎಂಬಲ್ಲಿ ಇಡೀ ಕೋರ್ಟು ನಕ್ಕಿತು. ನನ್ನನ್ನು ಬಲ್ಲ ವಕೀಲರು ಇನ್ನೂ ಜೋರಾಗಿ ನಕ್ಕರು. ನಾನು ಶೈಲಾಳ ಕಡೆ ನೋಡಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದುದಷ್ಟೇ ಕಂಡಿತು.

ಶ್ರೀದೇವಿ ಎದ್ದಳು. ದನಿ ಮೊದಲು ನಡುಗಿತು. "ಗುಂಗಿನ್ಯಾಗ ಇದ್ದವರಿಗೆ ಎರಡು ಗೆರಿ ಮೂರಾಗಿ ಕಾಣ್ತಾವು ಅಂತ ಯಾವ ತೀರ್ಪಿನ್ಯಾಗೂ ಇಲ್ರಿ ಸ್ವಾಮಿ," ಎಂದಳು. ಈ ಸಲ ನ್ಯಾಯಾಧೀಶರೇ ನಕ್ಕರು. ಆ ಮೇಲೆ ಅವಳ ದನಿ ನಡುಗಲಿಲ್ಲ. ೧೯೯೫ರ ತಾರೀಖು, ಮರೆವ್ವನ ಪ್ರಮಾಣಪತ್ರ, ಅಂಗಡಿಯಲ್ಲಿ ಮೂಲೆ ತಿರುವಿ ನೋಡುವ ರೂಢಿ, ಒಂದಾದ ಮೇಲೊಂದು ಇಟ್ಟಳು. ನಮ್ಮ ಗೆರೆ ಕಾಣದಿದ್ದರೆ ಅದೇ ಜಾಗದ ಅವರ ಗೆರೆ ಕಂಡದ್ದು ಹೇಗೆ ಎಂದು ಕೇಳಿದಳು. ಕೊನೆಗೆ ದೇವರ ಜಮೀನಿನ ಮಾತು. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದಳು. ನಾನಾಗಿದ್ದರೆ ಅರ್ಧ ಗಂಟೆ ಎಳೆಯುತ್ತಿದ್ದೆ.

ನ್ಯಾಯಾಧೀಶರು ಆ ಕೆಂಪು ಗೆರೆಯ ಉತ್ತರವನ್ನು ಎರಡು ಸಲ ಓದಿ, ಪ್ರತಿವಾದಿ ಬಂದಿದ್ದಾರೆಯೇ ಎಂದು ಕೇಳಿದರು. ರುಕ್ಮವ್ವ ಎದ್ದು ಮುಂದೆ ಹೋಗಿ ಕೈಮುಗಿದು ನಿಂತಳು. ಇದನ್ನು ನಾವು ತಾಲೀಮು ಮಾಡಿರಲಿಲ್ಲ.

"ಅಮ್ಮಾ, ಈ ಗೆರೆ ನಿಮ್ಮದಲ್ಲ ಎಂದು ಬರೆದಿದ್ದೀರಿ. ಈಗ ನಿಮ್ಮದು ಎನ್ನುತ್ತೀರಾ?"

"ಇಲ್ರಿ ಸಾಹೇಬ್ರ. ಈಗೂ ಬನಶಂಕರವ್ವಂದ."

ಶ್ರೀದೇವಿ ಕಣ್ಣು ಮುಚ್ಚಿಕೊಂಡಳು. ಕಂಪನಿಯ ವಕೀಲರು ಏಳಲು ಹೊರಟರು. ರುಕ್ಮವ್ವ ಇನ್ನೂ ಮುಗಿಸಿರಲಿಲ್ಲ.

"ನನ್ನ ಮಗಾನೂ ಆಕಿ ಕೊಟ್ಟದ್ದರಿ. ನಂದು ಅಂತ ನಾ ಯಾವತ್ತೂ ಜಂಬ ಮಾಡಿಲ್ಲ. ಹಂಗಂತ ಯಾರರ ಬಂದು, ನಿಂದಲ್ಲಂದ್ಯಲ್ಲ, ನಾ ಒಯ್ತೀನಂದ್ರ ಕೊಡ್ತೀನೇನ್ರಿ? ಆಕಿ ನನ್ನ ಕೈಯಾಗ ಇಟ್ಟಾಳ. ಬ್ಯಾರೇದವ್ರಿಗೆ ಬೇಕಾಗಿದ್ರ ಆಕೀನ ಕೇಳ್ಲಿ."

ನ್ಯಾಯಾಧೀಶರು ಏನನ್ನೋ ಬರೆದುಕೊಂಡರು, ಬಹಳ ಹೊತ್ತು ಬರೆದುಕೊಂಡರು. ಆದೇಶ ಸೆಪ್ಟೆಂಬರ್ ಒಂದಕ್ಕೆ.

ಬರುವಾಗ ಬಸ್ಸಿನಲ್ಲಿ ಶೈಲಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲೋಕಾಪುರ ದಾಟಿದ ಮೇಲೆ ಕಿಟಕಿಗೇ ಹೇಳಿದಳು:

"ಮೂವತ್ತ ವರ್ಷದಾಗ ಒಮ್ಮೆರ ಬಾಯಿಲೆ ಹೇಳಿದ್ರ ಆಗ್ತಿರಲಿಲ್ಲೇನ್ರಿ? ಯಾರೋ ವಕೀಲ್ರು ಓದಿ ಹೇಳಬೇಕಾತು."

"ಬಾಯಿ ಬರಲಿಲ್ಲ ಅಂತ ಅದರಾಗ ಬರದೇನಲ್ಲ."

"ನಾ ಮೂಕ ಅಂದುಕೊಂಡಿರಲಿಲ್ಲ. ಮರ್ಯಾದಸ್ಥ ಅಂದುಕೊಂಡಿದ್ದೆ. ಲಗ್ನಾದ ಮ್ಯಾಲ ಗೊತ್ತಾತು."

ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಮುಧೋಳದಲ್ಲಿ ಬಸ್ಸು ನಿಂತಾಗ ಇಳಿದು ಅವಳಿಗೆ ಮಲ್ಲಿಗೆ ತಂದುಕೊಟ್ಟೆ. ಹೇಳಬೇಕಾದದ್ದನ್ನೂ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಡೈರಿಗಳು ಕೋರ್ಟಿಗೆ ಹೋಗುತ್ತವೆ.

೧ ಸೆಪ್ಟೆಂಬರ್, ಸೋಮವಾರ

ತಡೆಯಾಜ್ಞೆಯ ಅರ್ಜಿ ವಜಾ. ದಾವೆ ಇನ್ನೂ ನಡೆಯುತ್ತದೆ, ವರ್ಷಗಟ್ಟಲೆ ನಡೆಯಲಿ. ಮಗ್ಗ ನಿಲ್ಲುವುದಿಲ್ಲ. ಪ್ರತಿವಾದಿ ೧೯೯೫ರಿಂದಲೂ ಗುರುತು ಬಳಸುತ್ತಿರುವುದು ಮೇಲ್ನೋಟಕ್ಕೆ ಕಾಣುತ್ತದೆ, ದೇವರದು ಎಂದ ಮಾತ್ರಕ್ಕೆ ಹಕ್ಕು ಬಿಟ್ಟುಕೊಟ್ಟಂತಲ್ಲ ಎಂದು ಬರೆದಿದ್ದಾರೆ. ಆದೇಶದ ಮೊದಲ ಪುಟದಲ್ಲಿ ಪ್ರತಿವಾದಿಯ ಪರ ವಕೀಲರು ಎಂಬಲ್ಲಿ ಒಂದೇ ಹೆಸರು, ಶ್ರೀದೇವಿಯದು. ಆ ಪುಟವನ್ನು ಬಾರ್ ಅಸೋಸಿಯೇಶನ್ನಿನಲ್ಲಿ ಎಲ್ಲರಿಗೂ ತೋರಿಸಿದೆ. ಕೆಲವರಿಗೆ ಎರಡು ಸಲ.

೪ ಸೆಪ್ಟೆಂಬರ್, ಗುರುವಾರ

ಶಶಿಕಾಂತ ಡಾಕ್ಟರರಿಗೆ ಪುಸ್ತಕ ಒಯ್ದೆ. ಜುಲೈ ಮುಗಿದ ಮೇಲೆ ಬಿಪಿ ಒಂದೂ ಇಲ್ಲವಲ್ಲ ಎಂದು ಬೈದರು. ಮರೆತಿದ್ದೆ. ಪಟ್ಟಿ ಕಟ್ಟಿ ನೋಡಿದರೆ ೧೩೪/೮೪. ಅವರ ಯಂತ್ರ ಕೆಟ್ಟಿದೆ ಎಂದು ಹೇಳಿ ಬಂದೆ.

೭ ಸೆಪ್ಟೆಂಬರ್, ರವಿವಾರ. ಬನಹಟ್ಟಿ

ಶ್ರೀದೇವಿ ವಕೀಲರು ಇನ್ನು ಸುಮ್ಮನಿರಬಾರದು, ನಾವೂ ನೋಂದಣಿಗೆ ಅರ್ಜಿ ಹಾಕೋಣ ಎಂದರು. ಶೈಲಾಳನ್ನೂ ಕರೆದುಕೊಂಡು ಮೂವರೂ ರುಕ್ಮವ್ವನ ಮನೆಗೆ ಹೋದೆವು. ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಅರ್ಜಿ ಬರೆಯಲು ಕೂತೆವು. ಮೊದಲ ಕಲಮಿನಲ್ಲೇ ಗಾಡಿ ನಿಂತಿತು.

"ಮಾಲೀಕರ ಹೆಸರು?"

"ಬನಶಂಕರವ್ವ," ಎಂದಳು ರುಕ್ಮವ್ವ.

ಪ್ರಭುಲಿಂಗ ತಲೆ ಚಚ್ಚಿಕೊಂಡ. "ಯವ್ವಾ, ಅದ ಮಾತಿಗೆ ಕೋರ್ಟ ಹತ್ತಿದ್ವಿ. ಈಗರ ನಂದು ಅನ್ನ ಬೇ."

"ಕೋರ್ಟಿನ್ಯಾಗೂ ಅಂದಿಲ್ಲ, ಚಾಪಿ ಮ್ಯಾಲ ಕುಂತು ಅಂತೀನೇನು?"

ಎಲ್ಲರೂ ನನ್ನ ಕಡೆ ನೋಡಿದರು. ಹದಿನೇಳು ದೇವರ ಜಮೀನಿನ ಅನುಭವ. "ಯವ್ವಾ, ಗೆರಿ ಆಕಿದ ಇರ್ಲಿ. ಆದ್ರ ಆಕಿ ಆಫೀಸಿಗೆ ಬಂದು ಸಹಿ ಮಾಡಂಗಿಲ್ಲ. ಆಕಿ ಪರವಾಗಿ ಸಹಿ ಮಾಡಾವ್ರು ಒಬ್ರು ಬೇಕು."

"ಆಕಿ ಪರವಾಗಿ ಅಂದ್ರ ಮಾಡ್ತೀನ್ರಿ. ಅಷ್ಟು ಮಾಡಾಕ ಇರಾಕೀನ ನಾನು."

ಅರ್ಜಿದಾರಳು ರುಕ್ಮವ್ವ, ಬನಶಂಕರಿ ದೇವಿಯ ಪರವಾಗಿ ಎಂದು ಬರೆಯಲಾಯಿತು. ಕಚೇರಿಯವರು ಆಕ್ಷೇಪಿಸಿದರೆ ಶ್ರೀದೇವಿ ವಕೀಲರು ನೋಡಿಕೊಳ್ಳುತ್ತಾರೆ.

ಇನ್ನೊಂದು ಕಲಂ ಉಳಿದಿತ್ತು: ಗುರುತು ಯಾವ ದಿನದಿಂದ ಬಳಕೆಯಲ್ಲಿದೆ? ರುಕ್ಮವ್ವ ಅತ್ತೆಯ ಕಾಲ, ಅದಕ್ಕೂ ಹಿಂದೆ ಎಂದಳು. ಪುರಾವೆ ಇರುವ ದಿನ ಬೇಕು ಎಂದು ಶ್ರೀದೇವಿ ವಕೀಲರು ನನ್ನ ಮುಖ ನೋಡಿದರು.

"ಡೈರಿ ತಾರೀಖ ಹಾಕ್ಲೇನ್ರಿ ಸರ್?"

ನಾನು ಬಾಯಿ ತೆರೆಯುವ ಮೊದಲೇ ಶೈಲಾ ಹೇಳಿದಳು. "ಹನ್ನೆರಡು ಫೆಬ್ರವರಿ ತೊಂಬತ್ತೈದು ಅಂತ ಹಾಕವ್ವಾ. ಆ ತಾರೀಖಿಗೆ ಸಾಕ್ಷಿ ನಾನದೀನಿ."

ಶ್ರೀದೇವಿ ವಕೀಲರು ಬರೆದರು. ರುಕ್ಮವ್ವ ಸಹಿ ಮಾಡಿ, ಎದ್ದು ಮಗ್ಗಕ್ಕೆ ಹೋಗಿ, ಹಳದಿ ಲಾಳಿಯನ್ನು ಕಣ್ಣಿಗೊತ್ತಿಕೊಂಡಳು. ಮೂರು ಗೆರೆ ಮುಗಿಯುವವರೆಗೆ ನಾವು ಯಾರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.